ಎಲ್ಲ ಒರೆಸಬೇಕೇ?

ಸೋಮವಾರ, 4 ಆಗಸ್ಟ್ 2025

ಇವತ್ತು ನನ್ನ ಜೊತೆ ಮಾತನಾಡಿದ್ದು ಇಬ್ಬರೇ. ಒಬ್ಬ ಹಮ್ಜಾ, ಇನ್ನೊಂದು ಬಸ್ ನಿಲ್ದಾಣದ ಮೈಕು. ಮೈಕೇ ಹೆಚ್ಚು ಮಾತನಾಡಿತು.

ದಿನಚರಿ ಬರೆಯುವ ಅಭ್ಯಾಸ ನನಗಿರಲಿಲ್ಲ. ದಾವಣಗೆರೆಯ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಬೇರೆಯವರ ಬರಹ ಟೈಪ್ ಮಾಡಿ, ಬೇರೆಯವರ ತಪ್ಪು ತಿದ್ದಿದವಳು, ಸ್ವಂತದ್ದು ಅಂತ ಒಂದು ಪುಟ ಬರೆದವಳಲ್ಲ. ಪ್ರೆಸ್ ಮುಚ್ಚಿತು, ಅದೇ ವರ್ಷ ಅಮ್ಮ ಹೋದಳು, ಅಣ್ಣ ಅಲ್ಲೇ ನಿಟ್ಟುವಳ್ಳಿಯಲ್ಲಿದ್ದ ನಮ್ಮ ಮನೆ ಮಾರಿದ. ನಾನು ಹರಿಹರಕ್ಕೆ ಬಂದೆ. ಮದುವೆಯಾಗದ ನಲವತ್ತಾರರ ಹೆಂಗಸು ಒಬ್ಬಳೇ ಇರುತ್ತೇನೆ ಎಂದರೆ ಮನೆ ಕೊಡುವವರು ಮೊದಲು ಮುಖ ನೋಡುತ್ತಾರೆ, ಆಮೇಲೆ ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡುತ್ತಾರೆ. ಕಸ್ತೂರಮ್ಮ ಏನನ್ನೂ ನೋಡದೆ ಮಹಡಿಯ ರೂಮಿನ ಬೀಗದಕೈ ಕೊಟ್ಟರು. ಅದಕ್ಕೇ ಅವರ ಎದುರಿಗೆ ಹೆಚ್ಚು ನಿಲ್ಲುವುದಿಲ್ಲ. ಮಾತು ಬೆಳೆದರೆ ಮನಸ್ಸು ಬದಲಾಯಿಸಿಯಾರು ಎಂಬ ಭಯ.

ಕೆಲಸ ಹಮ್ಜಾನ ಮೊಬೈಲ್ ಅಂಗಡಿಯ ಮೂಲೆಯಲ್ಲಿ. ಒಡೆದ ಗಾಜು, ಉಬ್ಬಿದ ಬ್ಯಾಟರಿ ಅವನದು, ಒಳಗಿನದು ನನ್ನದು. ಕಂಪನಿಯವರು ಕೆಲವು ವರ್ಷವಾದ ಮೇಲೆ ಫೋನಿಗೆ ಅಪ್ಡೇಟ್ ಕಳಿಸುವುದನ್ನು ನಿಲ್ಲಿಸುತ್ತಾರೆ. ಫೋನು ಗಟ್ಟಿಮುಟ್ಟಾಗಿರುತ್ತದೆ, ಆದರೆ ಆ್ಯಪ್‌ಗಳು ಒಂದೊಂದಾಗಿ ‘ನಿನ್ನ ಕಾಲ ಮುಗಿಯಿತು’ ಎಂದು ಮುಖ ತಿರುಗಿಸುತ್ತವೆ. ಆಗ ನಾನು ಕಂಪನಿಯ ಸಿಸ್ಟಂ ಕಿತ್ತುಹಾಕಿ, ದೇಶ ದೇಶಗಳ ಹವ್ಯಾಸಿಗಳು ಸೇರಿ ಬರೆದು ಪುಕ್ಕಟೆ ಹಂಚುವ ಬೇರೊಂದು ಸಿಸ್ಟಂ ಹಾಕುತ್ತೇನೆ. ಎಸೆಯಬೇಕಿದ್ದ ಫೋನು ಇನ್ನೂ ಕೆಲವು ವರ್ಷ ನಡೆಯುತ್ತದೆ. ಹಮ್ಜಾ ಇದಕ್ಕೆ ‘ಸಾಫ್ಟ್‌ವೇರ್ ಹೊಡಿಯೋದು’ ಅನ್ನುತ್ತಾನೆ. ಗಿರಾಕಿ ಬಂದರೆ, ‘ಕೂಡ್ರಿ, ಆಶಕ್ಕ ಹೊಡೀತಾರೆ’ ಎನ್ನುತ್ತಾನೆ. ಕೇಳಿದವರು ನನ್ನನ್ನು ಒಮ್ಮೆ ತಿರುಗಿ ನೋಡುತ್ತಾರೆ.

ಶುಕ್ರವಾರ, 8 ಆಗಸ್ಟ್

ಆ ಸಿಸ್ಟಂನಲ್ಲಿರುವ ಕನ್ನಡ ನನ್ನದು. ಸಂಬಳವಿಲ್ಲದ ಕೆಲಸ. ಗುಂಪಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ನಾನು ಬರೆದದ್ದೇ ಅಂತಿಮ. ಪ್ರೆಸ್ಸಿನಲ್ಲಿ ಇಂಥ ಸುಖ ಇರಲಿಲ್ಲ.

ಫೋನಿನಲ್ಲಿರುವುದನ್ನೆಲ್ಲ ತೆಗೆದು ಹೊಸದರಂತೆ ಮಾಡುವ ಜಾಗದಲ್ಲಿ ಮೊದಲು ಯಾರೋ ‘ಎಲ್ಲ ಅಳಿಸಬೇಕೇ?’ ಎಂದು ಹಾಕಿದ್ದರು. ನನಗೆ ಸರಿಬರಲಿಲ್ಲ. ಅಳಿಸು ಎಂದರೆ ಇಲ್ಲದಂತೆ ಮಾಡು, ಅಳಿಸು ಎಂದರೆ ಅಳುವಂತೆ ಮಾಡು. ಕಾಗುಣಿತ ಒಂದೇ. ‘ಎಲ್ಲ ಒರೆಸಬೇಕೇ?’ ಎಂದು ಕಳೆದ ತಿಂಗಳು ತಿದ್ದಿದೆ. ಸ್ಲೇಟು ಒರೆಸಿದ ಹಾಗೆ. ಚೊಕ್ಕಟವಾದ ಮಾತು. ಇವತ್ತು ಮತ್ತೊಮ್ಮೆ ಓದಿ ಖುಷಿಪಟ್ಟೆ.

ಓದುವವರು ಯಾರು ಎಂದು ಕೇಳಬಾರದು. ಬಂದವರೆಲ್ಲ ಇಂಗ್ಲಿಷೇ ಇರಲಿ ಎನ್ನುತ್ತಾರೆ. ಕಳೆದ ನವೆಂಬರಿನಲ್ಲಿ ಒಬ್ಬಳು ಹುಡುಗಿ ಮಾತ್ರ, ಮನೆಯವರದೆಲ್ಲ ಸೇರಿ ಒಂದೇ ಮಾಡೆಲ್ಲಿನ ಮೂರು ಫೋನು ತಂದು, ಮೂರಕ್ಕೂ ಕನ್ನಡವನ್ನೇ ಹಾಕಿಸಿಕೊಂಡಳು. ಕಾಯುತ್ತಾ ಕುಳಿತವಳು, ‘ಮೇಡಂ, ಹಿನ್ನಲೆ ಅಲ್ಲ, ಹಿನ್ನೆಲೆ’ ಎಂದಳು. ನನಗೆ! ವಾರವಿಡೀ ಸಿಟ್ಟಿತ್ತು. ಆಮೇಲೆ ಅವಳು ಮತ್ತೆ ಬಂದಾಳು, ಇನ್ನೊಂದು ತಪ್ಪು ಹುಡುಕಿಯಾಳು ಎಂದು ಕಾದೆ. ಬರಲಿಲ್ಲ.

ಮಂಗಳವಾರ, 19 ಆಗಸ್ಟ್

ಹೊಳೆ ತುಂಬಿದೆ. ಸೇತುವೆಯ ಮೇಲೆ ನಿಂತು ಎಲ್ಲರಂತೆ ನಾನೂ ಫೋಟೋ ತೆಗೆದೆ. ಚೆನ್ನಾಗಿ ಬಂದಿದೆ. ಯಾರಿಗೆ ಕಳಿಸಲಿ ಎಂದು ನಂಬರುಗಳನ್ನೆಲ್ಲ ಕೆಳಗಿನವರೆಗೂ ನೋಡಿದೆ. ಗ್ಯಾಸಿನವನು, ನೀರಿನವನು, ಪ್ರೆಸ್ಸಿನ ಹಳೆಯ ನಂಬರು. ಹಾಗೇ ಇಟ್ಟುಕೊಂಡಿದ್ದೇನೆ.

ಶನಿವಾರ, 23 ಆಗಸ್ಟ್

ಪಕ್ಕದ ಓಣಿಯ ಮಂಡಕ್ಕಿ ಭಟ್ಟಿಯ ಹೆಂಗಸು ಬಂದಿದ್ದಳು. ಹೆಸರು ರಹಮತ್ ಬೀ. ಫೋನು ನನ್ನ ಮೇಜಿನ ಮೇಲಿಟ್ಟು, ‘ಒಳಗಿಂದೆಲ್ಲಾ ಹೋಗೈತ್ರಿ ಮೇಡಂ’ ಎಂದಳು.

‘ಏನು ಒತ್ತಿದಿರಿ?’

‘ನಾ ಏನ್ ಒತ್ತಲಿ? ಸ್ಲೋ ಆಗೈತೆ ಅಂತ ಅಲ್ಲಿ ಇಲ್ಲಿ ನೋಡ್ತಿದ್ದೆ. ಅದೇ ಕೇಳ್ತು.’

‘ಏನು ಕೇಳ್ತು?’

‘ಎಲ್ಲ ಒರೆಸಬೇಕೇ ಅಂತ ಕೇಳ್ತು. ಭಟ್ಟಿ ಬೂದಿ, ಮಂಡಕ್ಕಿ ಧೂಳು, ಗಾಜು ಕಾಣಂಗೇ ಇರಲಿಲ್ಲ. ಪಾಪ, ಅದಕ್ಕೂ ಬ್ಯಾಸರಾಗೈತೆ ಅನ್ಕಂಡೆ. ಹೌದು ಅಂತ ಒತ್ತಿ, ಸೆರಗಿನಾಗ ಚೆಂದಾಗಿ ಒರೆಸ್ದೆ. ನಾ ಒರೆಸ್ತಾನೇ ಇದ್ದೆ, ಅದು ಆರಿಹೋಗಿ ಹೊಸ ಫೋನಿನಂಗ ಹತ್ಕಂತು.’

ಹಮ್ಜಾ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಆ ಹೆಂಗಸು ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ನಾನು ಬರೆದ ಮಾತನ್ನು ಬರೆದ ಹಾಗೇ ಓದಿದ್ದಾಳೆ, ಹೇಳಿದ ಹಾಗೇ ಮಾಡಿದ್ದಾಳೆ. ‘ಅಳಿಸಬೇಕೇ’ ಎಂದು ಇದ್ದಿದ್ದರೆ ಹೆದರಿ ಕೈ ಹಿಂದೆ ತೆಗೆಯುತ್ತಿದ್ದಳು.

ಗೂಗಲ್ ಖಾತೆ ಇದ್ದಿದ್ದರೆ ನಂಬರುಗಳ ಪ್ರತಿ ಅಲ್ಲಾದರೂ ಇರುತ್ತಿತ್ತು. ‘ಅದು ಬೇಡ, ಫೋನು ಹಗುರ ಇರುತ್ತೆ’ ಎಂದು ಎಲ್ಲರಿಗೂ ಜಂಬದಿಂದ ಹೇಳುವವಳೂ ನಾನೇ.

‘ಮನೆಯವರ ಫೋನಿಂದ ನಂಬರು ತಗೊಳ್ಳಿ’ ಎಂದೆ.

‘ಅದರಾಗ ಎಲ್ಲಾ ಇರ್ತಾವೆ. ಒಂದು ಇರಂಗಿಲ್ಲ. ಖಾಲಿ ಚೀಲ ಅಂತ ಬರ್ಕಂಡಿದ್ದೆ. ಅದೊಂದು ಬೇಕು.’

ಖಾಲಿ ಚೀಲ ಮಾರುವವರು ಪೇಟೆಯಲ್ಲಿ ಎಷ್ಟು ಜನ ಬೇಕು ಎಂದೆ. ಅವಳು ಅಳಲು ಶುರುಮಾಡಿದಳು. ಚೀಲದವನಿಗಾಗಿ ಅಳುವವರನ್ನು ನಾನು ಕಂಡಿರಲಿಲ್ಲ. ನೀರು ಕೊಟ್ಟೆ. ಕುಡಿಯದೆ ಎದ್ದುಹೋದಳು.

ಸೋಮವಾರ, 25 ಆಗಸ್ಟ್

ಹಮ್ಜಾ ಊಟಕ್ಕೆ ಹೋದ ಹೊತ್ತು ನೋಡಿಕೊಂಡು ರಹಮತ್ ಬೀ ಬಂದರು. ಖಾಲಿ ಚೀಲ ಯಾರೆಂದು ಹೇಳಿದರು. ಮಗಳು. ರುಕ್ಸಾನಾ. ‘ಹಿನ್ನೆಲೆ’ ಎಂದು ನನ್ನನ್ನು ತಿದ್ದಿದ ಹುಡುಗಿ!

ಡಿಸೆಂಬರಿನಲ್ಲಿ ತಾನೇ ನೋಡಿಕೊಂಡ ಹುಡುಗನ ಜೊತೆ ಹುಬ್ಬಳ್ಳಿಗೆ ಹೋಗಿ ನಿಕಾಹ್ ಮಾಡಿಕೊಂಡಳಂತೆ. ಅಪ್ಪ ಬಡೇಸಾಬ್ ಆಗಲೇ ಸ್ವಂತ ಅಣ್ಣನ ಮನೆಗೆ ಮಾತು ಕೊಟ್ಟಾಗಿತ್ತು. ಅವತ್ತಿನಿಂದ ಮನೆಯಲ್ಲಿ ಅವಳ ಹೆಸರು ಎತ್ತುವ ಹಾಗಿಲ್ಲ. ಅವಳು ಹೊಸ ಸಿಮ್ ಹಾಕಿಕೊಂಡು, ಅದರ ನಂಬರನ್ನು ಅಮ್ಮನಿಗೆ ಮಾತ್ರ ಕೊಟ್ಟಳು. ಶುಕ್ರವಾರ ಮಧ್ಯಾಹ್ನ ಗಂಡ ಜುಮ್ಮಾ ನಮಾಜಿಗೆ ಹೋದಾಗ ಇವರು ಭಟ್ಟಿಯ ಹಿಂದೆ ಕುಳಿತು ವಾಟ್ಸಾಪಿನಲ್ಲಿ ಮುಖ ನೋಡಿ ಮಾತನಾಡುತ್ತಿದ್ದರು. ಕರೆ ಯಾವಾಗಲೂ ಇಲ್ಲಿಂದಲೇ. ಅವಳಾಗಿ ಮಾಡುವಂತಿಲ್ಲ, ಫೋನು ಅಪ್ಪನ ಕೈಗೆ ಸಿಕ್ಕರೆ ಕಷ್ಟ.

‘ಹುಬ್ಬಳ್ಳಿಯಲ್ಲಿ ಎಲ್ಲಿ?’ ಎಂದೆ.

‘ಯಾರಿಗೆ ಗೊತ್ರಿ. ವಿಡಿಯೋದಾಗ ಒಂದು ಹಸಿರು ಗೋಡೆ ಕಾಣ್ತೈತೆ, ಅಷ್ಟೇ. ಈಗ ಏಳು ತಿಂಗಳ ಬಸುರಿ. ಮೊನ್ನೆ ಶುಕ್ರವಾರ ನಾ ಮಾಡಲಿಲ್ಲ. ಈ ಶುಕ್ರವಾರನೂ ಮಾಡಲಿಲ್ಲ ಅಂದ್ರೆ ತಾಯಿನೂ ಕೈಬಿಟ್ಳು ಅನ್ಕಂತಾಳೆ. ಅನ್ಕಂತಾಳಲ್ರಿ?’

ಇಲ್ಲ ಎಂದು ಹೇಳಬೇಕಿತ್ತು. ಮೇಜಿನ ಮೇಲಿನ ಸ್ಕ್ರೂಗಳನ್ನು ಡಬ್ಬಿಗೆ ಹಾಕುತ್ತಾ ಕುಳಿತೆ. ಎಂಥ ಕಲ್ಲು ನಾನು.

ಗುರುವಾರ, 28 ಆಗಸ್ಟ್

ಆಗುವುದಿಲ್ಲ. ಗೊತ್ತಿರುವವರನ್ನೆಲ್ಲ ಕೇಳಿದೆ, ಗುಂಪಿನಲ್ಲೂ ಬರೆದು ಕೇಳಿದೆ. ಒಮ್ಮೆ ಒರೆಸಿದರೆ ಈ ಸಿಸ್ಟಂ ಒಳಗಿನ ಬೀಗದಕೈಯನ್ನೇ ನಾಶಮಾಡುತ್ತದೆ, ಮಾಡಿದವರೇ ಬಂದರೂ ತೆಗೆಯಲಾರರು. ಕದ್ದ ಫೋನಿನಿಂದ ಯಾರೂ ಏನೂ ತೆಗೆಯದಿರಲಿ ಎಂದು ಹೀಗೆ ಮಾಡಿದ್ದಾರೆ. ಒಳ್ಳೆಯದಕ್ಕೇ ಮಾಡಿದ್ದಾರೆ.

ಶುಕ್ರವಾರ, 29 ಆಗಸ್ಟ್

ಮಧ್ಯಾಹ್ನ ರಹಮತ್ ಬೀ ನನ್ನ ಮೇಜಿನ ಪಕ್ಕ ಬಂದು ಕುಳಿತರು. ವಾಟ್ಸಾಪ್ ಮತ್ತೆ ಹಾಕಿಕೊಟ್ಟಿದ್ದೇನೆ, ಮಗಳೇ ಮನಸ್ಸು ಮಾಡಿ ಕರೆದರೆ ಬರುತ್ತದೆ. ಗೊತ್ತಿಲ್ಲದ ನಂಬರು ಎತ್ತಬೇಡ ಎಂದು ಗಂಡ ಹೇಳಿದ್ದರಂತೆ. ಈಗ ಎಲ್ಲವನ್ನೂ ಎತ್ತುತ್ತಿದ್ದಾರೆ. ಸಾಲ ಬೇಕಾ ಎಂದು ಕೇಳಿದ ಹುಡುಗಿಯನ್ನು, ‘ನೀನು ಹುಬ್ಬಳ್ಳಿಯಾಕೇನವ್ವ?’ ಎಂದು ವಿಚಾರಿಸಿದರು. ಆ ಹುಡುಗಿ ಫೋನ್ ಇಟ್ಟಳು. ಬೇರೆ ಯಾರೂ ಮಾಡಲಿಲ್ಲ.

ಮಂಗಳವಾರ, 2 ಸೆಪ್ಟೆಂಬರ್

ದಾವಣಗೆರೆಗೆ ಹೋಗಿದ್ದೆ. ರುಕ್ಸಾನಾಳ ಜೊತೆ ಕಾಲೇಜಿನಲ್ಲಿ ಓದಿದ ಕೃತಿಕಾ ಎಂಬ ಹುಡುಗಿ ಮಂಡಿಪೇಟೆ ಕಡೆಯ ಒಂದು ಸೀರೆ ಅಂಗಡಿಯಲ್ಲಿದ್ದಾಳೆ ಎಂದು ರಹಮತ್ ಬೀ ಹೇಳಿದ್ದರು. ಅವರೇ ಹೋದರೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ.

ಅಪರಿಚಿತರನ್ನು ಹೋಗಿ ಮಾತನಾಡಿಸುವುದು ನನಗೆ ಆಗದ ಕೆಲಸ. ಅಂಗಡಿಯ ಮುಂದೆ ಎರಡು ಸಲ ಹಾದುಹೋಗಿ ಮೂರನೇ ಸಲಕ್ಕೆ ಒಳಗೆ ಹೋದೆ. ಕೃತಿಕಾ ಒಳ್ಳೆಯ ಹುಡುಗಿ. ಅವಳ ಹತ್ತಿರ ಇದ್ದದ್ದು ಹಳೆಯ ನಂಬರೇ. ‘ನನಗೂ ಹೇಳದೇ ಹೋದಳು ಆಂಟಿ’ ಎಂದು ಮುಖ ಚಿಕ್ಕದು ಮಾಡಿದಳು. ಟೀ ತರಿಸಿದಳು. ನಡೆದದ್ದನ್ನೆಲ್ಲ ಮೊದಲಿಂದ ಹೇಳಿದೆ. ಒರೆಸಿದ ಕಥೆಗೆ ಅವಳೂ ನಕ್ಕಳು, ಈ ಸಲ ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಗಂಟಲು ನೋಯುತ್ತಿತ್ತು. ಮಳೆಯಲ್ಲಿ ನೆನೆದದ್ದಕ್ಕೆ ಇರಬೇಕು.

ನಿಟ್ಟುವಳ್ಳಿ ಕಡೆಗೆ ಹೋಗಲಿಲ್ಲ. ಆ ಮನೆಯ ಕಿಟಕಿಗೆ ಬೇರೆಯವರ ಪರದೆ ಹಾಕಿರುತ್ತಾರೆ. ನೋಡುವ ಧೈರ್ಯ ನನಗಿಲ್ಲ.

ಶುಕ್ರವಾರ, 12 ಸೆಪ್ಟೆಂಬರ್

ಕರೆ ಇಲ್ಲ. ರಹಮತಕ್ಕ ಬಿಸಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ತಂದಿದ್ದರು. ‘ಕೈ ತೊಳ್ಕಂಡು ತಿನ್ನು ಆಶಾ, ಫೋನ್ ಮುಟ್ಟಿದ ಕೈ’ ಎಂದರು. ನನಗೆ ಕೈ ತೊಳೆಯಲು ಹೇಳುವವರು ಯಾರೂ ಇರಲಿಲ್ಲ, ಬಹಳ ದಿನದಿಂದ.

ಮೇಜಿನ ಪಕ್ಕಕ್ಕೆ ಇನ್ನೊಂದು ಸ್ಟೂಲು ತರಿಸಿದೆ. ಗಿರಾಕಿಗಳಿಗೆ ಬೇಕಾಗುತ್ತದೆ.

ಶುಕ್ರವಾರ, 19 ಸೆಪ್ಟೆಂಬರ್

ಇಲ್ಲ.

ಬುಧವಾರ, 24 ಸೆಪ್ಟೆಂಬರ್

ಅಕ್ಟೋಬರಿನ ಅಪ್ಡೇಟಿಗೆ ಕನ್ನಡ ಕೊಡಿ ಎಂದು ಗುಂಪಿನಿಂದ ಸಂದೇಶ ಬಂತು. ಮೊದಲು ಮಾಡಿದ ಕೆಲಸ, ‘ಒರೆಸಬೇಕೇ’ ತೆಗೆದದ್ದು. ‘ಫೋನಿನಲ್ಲಿರುವ ನಂಬರು, ಫೋಟೋ ಎಲ್ಲ ಶಾಶ್ವತವಾಗಿ ಹೋಗುತ್ತವೆ. ಹೋಗಲಿ ಅನ್ನುವಿರಾ?’ ಎಂದು ಹಾಕಿದೆ. ಉದ್ದವಾಯಿತು, ಚೊಕ್ಕಟವಾಗಿಲ್ಲ. ಇರಲಿ.

ಆಮೇಲೆ, ಅಪ್ಡೇಟ್ ಆದ ಕೂಡಲೇ ಪರದೆಯ ಮೇಲೆ ಕಾಣುವ ‘ಈ ತಿಂಗಳು ಹೊಸದೇನು’ ಎಂಬ ಜಾಗಕ್ಕೆ ಬಂದೆ. ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. ಕನ್ನಡ ಇಟ್ಟುಕೊಂಡ ಪ್ರತಿ ಫೋನಿಗೂ ಇದು ಹೋಗುತ್ತದೆ. ಅವಳ ಫೋನಿಗೂ ಹೋಗುತ್ತದೆ. ಸಿಮ್ ಬದಲಾಗಿದೆ, ಫೋನು ಅದೇ. ಅವಳು ಕನ್ನಡ ತೆಗೆಯುವವಳಲ್ಲ.

ಇಪ್ಪತ್ತು ವರ್ಷದಲ್ಲಿ ಬೇರೆಯವರ ಬರಹದ ಒಳಗೆ ನನ್ನದು ಅಂತ ಒಂದು ಶಬ್ದ ತೂರಿಸಿದವಳಲ್ಲ. ಅದನ್ನು ಮಾಡಿದವನೊಬ್ಬನನ್ನು ಪ್ರೆಸ್ಸಿನಿಂದ ತೆಗೆಸಿದ್ದೂ ಉಂಟು.

ಶುಕ್ರವಾರ, 26 ಸೆಪ್ಟೆಂಬರ್

ರಹಮತಕ್ಕನಿಗೆ ಹಾಳೆಯ ಮೇಲೆ ಬರೆದು ತೋರಿಸಿದೆ. ‘ರುಕ್ಸಾನಾ, ಅಮ್ಮನ ಫೋನಿನಿಂದ ನಿನ್ನ ನಂಬರ್ ಹೋಗಿದೆ. ಶುಕ್ರವಾರ ಮಧ್ಯಾಹ್ನ ನೀನೇ ಫೋನ್ ಮಾಡು.’

ಬೆರಳಿಟ್ಟುಕೊಂಡು ಓದಿದರು. ನಡುವೆ ಒಂದು ಕಡೆ ಬೆರಳು ತಡೆಯಿತು. ಏನಾದರೂ ತಪ್ಪಿದೆಯೇ ಎಂದು ಕೇಳಿದೆ.

‘ನೀ ಬರೆದದ್ದು ತಪ್ಪಿರ್ತೈತಾ? ಕಳಿಸಿಬಿಡು.’

ಕಳಿಸಿದೆ. ಕನ್ನಡ ಬಾರದ ಗುಂಪಿನವರು ‘ತುಂಬಾ ಧನ್ಯವಾದ’ ಎಂದು ಉತ್ತರಿಸಿದ್ದಾರೆ.

ಶನಿವಾರ, 4 ಅಕ್ಟೋಬರ್

ಅಪ್ಡೇಟ್ ಬಂತು. ರಹಮತಕ್ಕನ ಫೋನಿನಲ್ಲಿ ನನ್ನ ಸಾಲು ಬೆಳಗಿತು. ಅವರು ಅದನ್ನು ಗಟ್ಟಿಯಾಗಿ ಓದಿದರು, ಹಮ್ಜಾನಿಗೂ ಕೇಳಿಸಿತು. ಅವನು ಕೆಲಸದಿಂದ ತಲೆ ಎತ್ತಲಿಲ್ಲ, ಒಳ್ಳೆಯ ಹುಡುಗ.

ಅವರು ಹೋದ ಮೇಲೆ ಟೀ ಕುಡಿಯುತ್ತಾ ಕುಳಿತಿದ್ದೆ. ಲೋಟ ಅರ್ಧಕ್ಕೇ ಕೆಳಗಿಟ್ಟೆ. ನವೆಂಬರಿನಲ್ಲಿ ಅವಳು ತಂದದ್ದು ಮೂರು ಫೋನು. ಒಂದು ಅಮ್ಮನದು, ಒಂದು ಅವಳದು. ಮೂರನೆಯದು ಬಡೇಸಾಬರದು. ಅದಕ್ಕೂ ಕನ್ನಡ ಹಾಕಿದವಳು ನಾನೇ.

ಬುದ್ಧಿ ಎಲ್ಲಿಟ್ಟಿದ್ದೆ? ಭಟ್ಟಿಯ ಓಣಿಗೆ ಓಡಿದೆ. ರಹಮತಕ್ಕನಿಗೆ ಕಿವಿಯಲ್ಲಿ ಹೇಳಿದೆ. ಅವರು ಒಮ್ಮೆ ಒಳಗೆ ಇಣುಕಿ ನೋಡಿದರು. ‘ಅವ್ರು ಅದನ್ನೆಲ್ಲ ಒತ್ತಂಗಿಲ್ಲ ಬಿಡು’ ಎಂದರು. ಒಳಗೆ ಬಡೇಸಾಬರು ಜರಡಿ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದರು. ಫೋನು ಅಂಗಿಯ ಜೇಬಿನಲ್ಲಿತ್ತು. ಹೋದ ಸಾಲನ್ನು ವಾಪಸ್ಸು ಕರೆಸಲು ಬರುವುದಿಲ್ಲ.

ಬುಧವಾರ, 8 ಅಕ್ಟೋಬರ್

ಗುಂಪಿನ ಪುಟದಲ್ಲಿ ಅನುವಾದಕರ ಪಟ್ಟಿ ನೋಡಿ ನನ್ನ ಹೆಸರಿಗೆ ಸಂದೇಶಗಳು ಬಂದಿವೆ. ಕನ್ನಡದಲ್ಲಿ. ಗದಗಿನಿಂದ ಒಬ್ಬ ಮೇಷ್ಟ್ರು, ಸಾಗರದಿಂದ ಒಬ್ಬ ಔಷಧಿ ಅಂಗಡಿಯವರು, ಭಾನುವಳ್ಳಿಯಿಂದ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್. ‘ರುಕ್ಸಾನಾ ಫೋನ್ ಮಾಡಿದರಾ?’ ಎಂದು ಎಲ್ಲರದೂ ಒಂದೇ ಪ್ರಶ್ನೆ. ಮೇಷ್ಟ್ರು ಕೊನೆಯಲ್ಲಿ, ‘ನಿಮ್ಮ ಕನ್ನಡ ಚೆನ್ನಾಗಿದೆ, ಇಷ್ಟು ದಿನ ಮಷೀನು ಬರೆದದ್ದು ಅಂದುಕೊಂಡಿದ್ದೆ’ ಎಂದಿದ್ದಾರೆ.

ಹೊಗಳಿಕೆಯೋ ಬೈಗುಳವೋ! ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಾ ಕುಳಿತು ಇವತ್ತಿನ ಕೆಲಸ ಕೆಟ್ಟಿತು. ಇವರೆಲ್ಲ ಓದುತ್ತಿದ್ದರು, ನನಗೆ ಗೊತ್ತೇ ಇರಲಿಲ್ಲ. ಮೇಷ್ಟ್ರಿಗೆ ಹೊಳೆಯ ಫೋಟೋ ಕಳಿಸಿದೆ, ಅವರು ಹರಿಹರ ಹೇಗಿದೆ ಎಂದು ಕೇಳಿದ್ದಕ್ಕೆ.

ರುಕ್ಸಾನಾಳಿಂದ ಏನೂ ಇಲ್ಲ.

ಶುಕ್ರವಾರ, 10 ಅಕ್ಟೋಬರ್

ಇವತ್ತು ರಹಮತಕ್ಕನೂ ಬರಲಿಲ್ಲ. ನಮಾಜು ಮುಗಿಸಿ ಜನ ಬೀದಿಗೆ ಬಂದರು, ಆಮೇಲೂ ಕಾದೆ. ಸ್ಟೂಲಿನ ಮೇಲೆ ಯಾವನೋ ಗಿರಾಕಿ ಕುಳಿತ. ‘ಅಲ್ಲಿ ಬೇಡ’ ಎಂದೆ, ಯಾಕೆಂದು ಹೇಳಲಾಗಲಿಲ್ಲ.

ಅವರ ಮನೆಯಲ್ಲಿ ಏನಾಗಿದೆಯೋ. ನಾನೇ ಹಚ್ಚಿದ ಬೆಂಕಿ. ಭಟ್ಟಿಯ ಓಣಿಯ ಮೂಲೆಯವರೆಗೆ ಹೋಗಿ ಹಿಂದಿರುಗಿದೆ. ಈ ಊರಿನಲ್ಲಿ ನನಗೆ ಒಬ್ಬರು ಸಿಕ್ಕಿದ್ದರು, ಅವರನ್ನೂ ಕಳೆದುಕೊಂಡೆ ಎಂದು ರೂಮಿನಲ್ಲಿ ಕುಳಿತು ಅತ್ತೆ. ನನಗಾಗಿ ಅತ್ತೆನೋ ಅವರಿಗಾಗಿ ಅತ್ತೆನೋ ಗೊತ್ತಿಲ್ಲ. ಎರಡೂ ಇರಬೇಕು.

ಸೋಮವಾರ, 13 ಅಕ್ಟೋಬರ್

ಬಡೇಸಾಬರು ಬಂದರು.

ಅಂಗಡಿ ತೆಗೆದು ಕಸ ಗುಡಿಸುತ್ತಿದ್ದೆವು. ಬಿಳಿ ಗಡ್ಡ, ತೋಳಿನವರೆಗೆ ಮಂಡಕ್ಕಿಯ ಧೂಳು. ಸ್ಟೂಲು ತೋರಿಸಿದೆ, ಕೂರಲಿಲ್ಲ. ಹಮ್ಜಾನಿಗೆ ಇದ್ದಕ್ಕಿದ್ದಂತೆ ಹಾಲು ತರುವುದು ನೆನಪಾಯಿತು.

ಅವರು ಫೋನು ಮೇಜಿನ ಮೇಲಿಟ್ಟರು. ಪರದೆಯ ಮೇಲೆ ನನ್ನ ಸಾಲು.

‘ಇದನ್ನ ಬರೆದೋರು ಯಾರು?’

‘ನಾನೇ.’ ಕಸಬರಿಗೆ ಕೆಳಗಿಟ್ಟೆ. ‘ರಹಮತಕ್ಕನ ತಪ್ಪಿಲ್ಲ. ಎಲ್ಲ ನಾನೇ ಮಾಡಿದ್ದು.’

‘ನಾನೂ ಕನ್ನಡ ಶಾಲಿಗೆ ಹೋದವ. ಗುರುವಾರದಿಂದ ಓದ್ತಾನೇ ಇದೀನಿ’ ಎಂದರು. ಫೋನನ್ನು ನನ್ನ ಕಡೆ ಸರಿಸಿ, ‘ಇದರಾಗ ತಪ್ಪೈತೆ’ ಎಂದರು.

ಇಪ್ಪತ್ತು ವರ್ಷದ ಚಾಳಿ. ಭಯದಲ್ಲೂ ಬಾಯಿಗೆ ಬಂದದ್ದು, ‘ಎಲ್ಲಿ?’ ಎಂಬ ಮಾತು.

ಬಡೇಸಾಬರು ‘ಅಮ್ಮನ’ ಎಂಬುದರ ಮೇಲೆ ಬೆರಳಿಟ್ಟರು. ‘ಆಕಿ ಅಮ್ಮ ಅನ್ನಂಗಿಲ್ಲ. ಅಮ್ಮೀ ಅಂತಾಳೆ. ಹಿಂಗ ಬರೆದ್ರೆ ಯಾರೋ ಬೇರೆ ರುಕ್ಸಾನಾ, ಯಾರೋ ಬೇರೆ ಅಮ್ಮ ಅನ್ಕಂಡು ಬಿಟ್ಟುಬಿಡ್ತಾಳೆ. ಅಮ್ಮೀ ಅಂತ ಹಾಕ್ರಿ.’

ಆ ಸಾಲು ಬರೆದಿದ್ದ ಹಾಳೆ, ಪೆನ್ಸಿಲ್ ತೆಗೆದುಕೊಂಡೆ. ಬರೆಯುವಾಗ ಹೊಳೆಯಿತು, ಅವರು ಮಗಳ ಹೆಸರು ಹೇಳಿದ್ದರು.

ಅವರ ಬೆರಳು ಮುಂದಕ್ಕೆ ಸರಿದು ‘ಶುಕ್ರವಾರ ಮಧ್ಯಾಹ್ನ’ದ ಮೇಲೆ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಯಾಕೆ ಶುಕ್ರವಾರ ಎಂದು ಕೇಳಿದರೆ ಏನು ಹೇಳಲಿ ಎಂದು ಹುಡುಕುತ್ತಿದ್ದೆ. ಕೇಳಲಿಲ್ಲ. ತಾವು ಆ ಹೊತ್ತಿಗೆ ಎಲ್ಲಿರುತ್ತೇವೆಂದು ಅವರಿಗೆ ನಾನು ಹೇಳಬೇಕಿರಲಿಲ್ಲ.

‘ಇದನ್ನ ತೆಗೀರಿ’ ಎಂದರು. ‘ಯಾವಾಗ ಬೇಕಾದ್ರೂ ಮಾಡ್ಲಿ.’

ತೆಗೆದೆ. ಹಾಳೆಯನ್ನು ಅವರ ಕಡೆ ತಿರುಗಿಸಿದೆ. ಕಣ್ಣು ಕಿರಿದು ಮಾಡಿ ಓದಿದರು. ಫೋನು ಜೇಬಿಗೆ ಹಾಕಿಕೊಂಡು ಮೆಟ್ಟಿಲವರೆಗೆ ಹೋದವರು ಅಲ್ಲೇ ನಿಂತರು, ಬೀದಿಯ ಕಡೆ ಮುಖ ಮಾಡಿಕೊಂಡು.

‘ಇನ್ನೊಂದು ಸೇರಿಸ್ರಿ. ಯಾರು ಎತ್ತಿದ್ರೂ ಫೋನ್ ಇಡಬ್ಯಾಡ ಅಂತ.’

ಹಮ್ಜಾ ಹಾಲು ತಂದಾಗ ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಬೈದರಾ ಎಂದು ಕೇಳಿದ. ಇಲ್ಲ, ತಿದ್ದಿದರು ಎಂದೆ.

ಗುಂಪಿಗೆ ಕೂಡಲೇ ಬರೆದೆ. ಕನ್ನಡದಲ್ಲಿ ದೊಡ್ಡ ತಪ್ಪು ನುಸುಳಿದೆ, ತಿಂಗಳು ಮುಗಿಯುವ ತನಕ ಕಾಯಬಾರದು ಎಂದು.

ಮಂಗಳವಾರ, 21 ಅಕ್ಟೋಬರ್

ದೀಪಾವಳಿ ಅಮಾವಾಸ್ಯೆ. ಕಸ್ತೂರಮ್ಮ ಊಟಕ್ಕೆ ಕರೆದರು, ಹೋದೆ. ಎರಡು ಹೋಳಿಗೆ ತಿಂದು ಇನ್ನೊಂದು ಕೇಳಿ ಹಾಕಿಸಿಕೊಂಡೆ. ರಹಮತಕ್ಕನಿಗೂ ಎರಡು ಕಟ್ಟಿಸಿಕೊಂಡು ಹೋದೆ. ಗಂಡ ಆ ಸಾಲು ಓದಿದ್ದಾರೆಂದು ತಿಳಿದು, ಹೆದರಿ ಆ ಶುಕ್ರವಾರ ಬರಲಿಲ್ಲವಂತೆ. ಬಡೇಸಾಬರು ಅವತ್ತಿನಿಂದ ಮನೆಯಲ್ಲಿ ಹೆಚ್ಚು ಮಾತಾಡುವುದಿಲ್ಲವಂತೆ. ಹೆಂಡತಿಯ ಫೋನನ್ನು ಭಟ್ಟಿಯ ಕಟ್ಟೆಯ ಮೇಲೆ ತಮ್ಮ ಕಣ್ಣಿಗೆ ಬೀಳುವ ಕಡೆಯೇ ಇಟ್ಟುಕೊಳ್ಳುತ್ತಾರಂತೆ. ಒಂದು ಕಡೆ ಆಸೆ, ಒಂದು ಕಡೆ ಭಯ, ನಮ್ಮಿಬ್ಬರಿಗೂ.

ತಿದ್ದಿದ ಸಾಲು ಇವತ್ತು ಹೊರಟಿದೆ. ಮಗುವಿನ ದಿನ ತುಂಬುತ್ತಾ ಬಂತು. ಅವಳು ಫೋನು ಮಾರಿದ್ದರೆ? ಅಪ್ಡೇಟ್ ಮುಂದೂಡಿ ಮುಂದೂಡಿ ಬಿಟ್ಟಿದ್ದರೆ? ಓದಿಯೂ ನಂಬದಿದ್ದರೆ?

ಬುಧವಾರ, 29 ಅಕ್ಟೋಬರ್

ಕರೆ ಬಂತು. ಇವತ್ತು ಬುಧವಾರ!

ಗುತ್ತೂರಿನವರ ಒಂದು ಫೋನು ಬಿಚ್ಚಿಟ್ಟುಕೊಂಡು ಕುಳಿತಿದ್ದೆ. ರಹಮತಕ್ಕ ಓಡಿ ಬಂದರು. ಸೆರಗು ಎಲ್ಲೋ, ಕಾಲಲ್ಲಿ ಚಪ್ಪಲಿ ಇಲ್ಲ. ಉಸಿರು ಸಿಗದೆ ಮೇಜು ಹಿಡಿದುಕೊಂಡರು. ಏನೋ ಆಗಿಹೋಗಿದೆ ಎಂದುಕೊಂಡೆ.

‘ಹೆಣ್ಣು ಕೂಸು. ಮೂರು ದಿನ ಆತಂತೆ. ಆಸ್ಪತ್ರೆಯಾಗ ಮಲ್ಕಂಡು ಫೋನ್ ನೋಡ್ಯಾಳೆ.’

‘ನಿಮ್ಮ ಜೊತೆ ಮಾತಾಡಿದಳಾ? ಚೆನ್ನಾಗಿದ್ದಾಳಾ?’

‘ನನ್ನ ಜೊತೆ ಎಲ್ಲಿ ಮಾತಾಡ್ತಾಳೆ! ಎತ್ತಿದೋರು ಇವ್ರು. ಕೂಸಿನ ಮುಖ ತೋರ್ಸು ಅಂತಾರೆ, ಕೈ ತೋರ್ಸು ಅಂತಾರೆ, ನೀ ಉಂಡ್ಯಾ ಅಂತಾರೆ, ಮತ್ತೆ ಮುಖ ತೋರ್ಸು ಅಂತಾರೆ. ಭಟ್ಟಿಯಾಗ ಮಂಡಕ್ಕಿ ಸೀದು ಹೋಗ್ತೈತೆ. ಅರ್ಧ ತಾಸಾತು ಆಶಾ, ನನಗ ಫೋನೇ ಕೊಡ್ತಾ ಇಲ್ಲ! ಬಾ, ನೀನಾದ್ರೂ ಹೇಳು ಬಾ.’

ಬಿಚ್ಚಿದ ಫೋನನ್ನು ಹಮ್ಜಾನ ಕಡೆ ತಳ್ಳಿ ಎದ್ದೆ.